ಡಾಬಕಾದ ತಂಗಿ

ಡಾಬಕಾ ಊರನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಆದರೂ ಬೀದರಿನ ನಮ್ಮ ವೃದ್ಧರ ವಸತಿಯಲ್ಲಿ ಯಾರನ್ನೇ ಕೇಳಿ, ನನ್ನ ತವರು ಡಾಬಕಾ ಎಂದೇ ಹೇಳುತ್ತಾರೆ. ಆ ಸುದ್ದಿ ಹಬ್ಬಿಸಿದವಳು ನಾನೇ.

ನಿಜ ಹೇಳಬೇಕೆಂದರೆ ನಾನು ಭಾಲ್ಕಿಯವಳು. ನಮ್ಮದು ಬೌದ್ಧ ಧರ್ಮಕ್ಕೆ ಸೇರಿದ ದಲಿತ ಮನೆತನ. ಅಪ್ಪ ಹೊಲ ಮಾಡಿ ನಮ್ಮನ್ನು ಓದಿಸಿದ. ನಾನು ಸರ್ಕಾರಿ ಕಚೇರಿಗೆ ಗುಮಾಸ್ತಳಾಗಿ ಸೇರಿ ಹೆಡ್ ಕ್ಲಾರ್ಕ್ ಆಗಿ ಹೊರಬಂದೆ. ನೌಕರಿಯಿಂದ ನಾನು ನಿವೃತ್ತಳಾದೆ, ನನ್ನ ಸಿಟ್ಟು ನಿವೃತ್ತವಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಜಗಳವಾಡಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದೆ ಬೇಸರ ಬಂದು, ನಾನೇ ಹುಡುಕಿಕೊಂಡು ಈ ವಸತಿಗೆ ಬಂದು ಸೇರಿದೆ. ಇಲ್ಲಿ ಆ ಕೊರತೆ ಇಲ್ಲ. ಊಟದ ಉಪ್ಪಿನಿಂದ ಹಿಡಿದು ಟಿವಿಯ ಚಾನೆಲ್‌ವರೆಗೆ ಎಲ್ಲದಕ್ಕೂ ಜಗಳ ಸಿಗುತ್ತದೆ.

ಆ ವರ್ಷ ಶಿವರಾತ್ರಿ ಕಳೆದು, ಅಂಗಳದ ಬೇವು ಚಿಗುರುತ್ತಿದ್ದಾಗ ಹೊಸ ಮುದುಕಿಯೊಬ್ಬಳು ಬಂದಳು. ಗಂಡನ ಊರು ಚಿಂತಾಕಿಯಲ್ಲಿ ಕುರಿ ಕಾಯ್ದುಕೊಂಡು ಬಾಳಿದವಳು. ಗಂಡನಿಲ್ಲ, ಮಕ್ಕಳಾಗಿರಲಿಲ್ಲ. ಮೊಣಕಾಲು ಕೈಕೊಟ್ಟು ಕುರಿಗಳ ಹಿಂದೆ ನಡೆಯಲಾಗದೆ ಹೋದಾಗ ತವರಿನ ಅಣ್ಣನ ಮಗ ಕರೆತಂದು ಸೇರಿಸಿದ್ದ. ಬಂದವಳು ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಳು, ಅಷ್ಟೇ. ಊಟದ ಮನೆಯ ಕಡೆ ತಲೆ ಹಾಕಲಿಲ್ಲ. ಮುಂಜಾನೆ ಚಹಾ ಕುಡಿಯುವಳು, ಗಂಟಿನಲ್ಲಿ ತಂದಿದ್ದ ಒಣ ರೊಟ್ಟಿ ಮುರಿದು ತಿನ್ನುವಳು. ತಟ್ಟೆಯನ್ನು ಕೋಣೆಗೆ ಕಳಿಸಿದರೆ ಅದು ಹಾಗೆಯೇ ಮರಳಿ ಬರುವುದು. ರೊಟ್ಟಿ ತೀರಿದ ಮೇಲೆ ಬರೀ ಚಹಾ ಉಳಿಯಿತು. ಎದ್ದರೆ ತಲೆ ತಿರುಗಿ ಮಂಚ ಹಿಡಿದುಕೊಳ್ಳುತ್ತಿದ್ದಳು. ಮೇಲ್ವಿಚಾರಕಿ ಬಂದು, “ಹಿಂಗಾ ಆದ್ರ ದವಾಖಾನಿಗಿ ಹಾಕ್ಬೇಕಾಗ್ತದರಿ. ಈ ವಯಸ್ಸಿನ್ಯಾಗ ಹೋದೋರು ತಿರಗಿ ಬರೋದು ಖಾತ್ರಿ ಇಲ್ಲ” ಎಂದು ನಮ್ಮೆದುರು ಕಣ್ಣೀರು ಹಾಕಿದಳು.

ನನಗೆ ಕನಿಕರ ಬರಬೇಕಿತ್ತು, ಸಿಟ್ಟು ಬಂತು. ಅಡುಗೆ ಮಾಡುವವಳೂ ನಮ್ಮ ಮಂದಿಯವಳೇ. ಓಹೋ, ಇದು ಅದೇ ಹಳೆಯ ರೋಗ ಎಂದುಕೊಂಡೆ. ಕಚೇರಿಯಲ್ಲಿ ನನ್ನ ಡಬ್ಬಿ ನೋಡಿ ಕುರ್ಚಿ ಸರಿಸಿಕೊಂಡವರನ್ನು ಸಾಕಷ್ಟು ಕಂಡವಳು ನಾನು. ಸೆರಗು ಸಿಕ್ಕಿಸಿಕೊಂಡು ಹೋಗಿ ಅವಳ ಮಂಚದ ಎದುರು ನಿಂತೆ.

“ಯಾಕ ಉಣ್ಣಂಗಿಲ್ಲ? ಅಡಗಿ ಮನ್ಯಾಗ ಯಾರಿದ್ದಾರಂತ ವಿಚಾರ ಮಾಡ್ಲತ್ತೀರೇನು?”

“ಯಾರಿದ್ರ ನನಗೇನಬೇ. ನನಗ ಯಾರೂ ಕರದಿಲ್ಲ.”

“ಹೊತ್ತಿಗಿ ಸರಿಯಾಗಿ ಗಂಟಿ ಹೊಡೀತಾರಲ್ಲ?”

“ಗಂಟಿ ಕುರಿ ಕೊಳ್ಳಾಗ ಕಟ್ತೇವಿ. ಮನಷ್ಯಾರಿಗಿ ಬಾಯಿಲೆ ಕರೀತೇವಿ.”

ನನ್ನ ಸಿಟ್ಟು ಕುಳಿತುಕೊಳ್ಳಲು ಜಾಗವಿಲ್ಲದೆ ನಿಂತೇ ಇತ್ತು. “ಆಯ್ತು, ನಾ ಕರೀಲತ್ತೀನಿ. ಏಳ್ರಿ ಊಟಕ್ಕ” ಎಂದೆ.

“ನೀ ಯಾರವಾ? ಗುರ್ತಿಲ್ಲ, ಸಂಬಂಧಿಲ್ಲ. ನೀ ನಮ್ಮಾಕಿ, ಬಾ ಅಂತ ಕರೆಯೋರಿಲ್ಲದ ಕಡಿ ತಾಟಿನ ಮುಂದ ಹ್ಯಾಂಗ ಕುಂದ್ರಲಿ?”

ಅವಳ ತವರು ಡಾಬಕಾ ಎಂದು ಮೇಲ್ವಿಚಾರಕಿ ಹೇಳಿದ್ದು ನೆನಪಿತ್ತು. ಬಾಯಿ ನನಗಿಂತ ಮುಂದೆ ಓಡಿತು. “ನಾನೂ ಡಾಬಕಾದಾಕೀನೇ, ಅಕ್ಕ” ಎಂದುಬಿಟ್ಟೆ. ನಮ್ಮ ಕಡೆ ಒಂದೇ ತವರೂರಿನ ಹೆಣ್ಣುಮಕ್ಕಳು ಬೇರೆ ಊರಿನಲ್ಲಿ ಸಿಕ್ಕರೆ ಅಕ್ಕತಂಗಿಯರೇ ಆಗಿಬಿಡುತ್ತಾರೆ. ಕರೆದರೆ ಒಲ್ಲೆ ಅನ್ನುವಂತಿಲ್ಲ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾವ ಓಣಿ?”

“ಮದಲ ಉಣ್ರಿ. ಓಣಿ ಎಲ್ಲಿ ಓಡಿ ಹೋಗ್ತದ?”

ಎದ್ದಳು. ನನ್ನ ಭುಜ ಹಿಡಿದು ನಡೆದು ಬಂದು, ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿಸಿಕೊಂಡು ಉಂಡಳು. ಅಡುಗೆಯವಳು ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನಗೂ ಖುಷಿಯೆಂದರೆ ಖುಷಿ.

ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಡಾಬಕಾದಲ್ಲಿ ಯಾವ ಓಣಿಗಳಿವೆ ಎಂದು ಯಾರಿಗೆ ಗೊತ್ತು? ನಮ್ಮಲ್ಲಿ ಸಂತಪುರದ ಒಬ್ಬ ನಿವೃತ್ತ ಕಂಡಕ್ಟರ್ ಇದ್ದಾನೆ. ಔರಾದ್ ಕಡೆಯ ಬಸ್ಸುಗಳಲ್ಲೇ ಸರ್ವೀಸು ಮುಗಿಸಿದವನು. ಅವನ ಹತ್ತಿರ ಓಡಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಇರಲಾರದಕ್ಕ ಇರುವಿ ಬಿಟ್ಕೊಂಡ್ರಿ ನೋಡ್ರಿ ಬಾಯಾರ. ಹೇಳಿಕೊಡ್ತೀನಿ. ಆದ್ರ ನಾ ಕಂಡಿದ್ದು ಬಸ್ಸಿನ ಬಾಗಲದಾಗಿಂದ ಕಾಣಿಸಿದಷ್ಟೇ.”

ಹೀಗಾಗಿ ನನ್ನ ತವರಿಗೆ ಒಂದು ಬಸ್ ಸ್ಟಾಪು, ಒಂದು ಚಹಾ ಹೋಟೆಲು, ಚಿಲ್ಲರೆ ಕೊಡದ ಒಬ್ಬ ಪ್ಯಾಸೆಂಜರು, ಇಷ್ಟೇ ಬಂದವು. ಅಕ್ಕ ಮಾತ್ರ ಊಟಕ್ಕೆ ಕುಳಿತಾಗಲೆಲ್ಲ ಊರಿನ ಒಳಗೆ ಒಳಗೆ ಹೋಗುತ್ತಿದ್ದಳು.

“ಬಾವಿಗಿ ಹೋಗೋ ದಾರ್ಯಾಗ ಏನಿತ್ತು, ನೆನಪದ ಏನು?”

“ಬೇವಿನ ಮರ” ಎಂದೆ. ಬೇವಿನ ಮರವಿಲ್ಲದ ಊರು ಈ ಜಿಲ್ಲೆಯಲ್ಲಿ ಎಲ್ಲಿದೆ?

“ಎಡಕ್ಕೋ, ಬಲಕ್ಕೋ?”

“ಹೋಗೋವಾಗ ಎಡಕ್ಕ. ಬರೋವಾಗ ಬಲಕ್ಕ.”

ಅವಳು ತುತ್ತು ಬಾಯಲ್ಲಿಟ್ಟುಕೊಂಡೇ ನನ್ನನ್ನು ನೋಡಿ, “ಬರಾಬರ್” ಎಂದಳು. ಪಕ್ಕದ ಮೇಜಿನಲ್ಲಿ ಕಂಡಕ್ಟರ್ ಮಜ್ಜಿಗೆ ನೆತ್ತಿಗೇರಿಸಿಕೊಂಡು ಕೆಮ್ಮಿದ.

ಉಂಡು ಉಂಡು ಅವಳ ಗಲ್ಲ ತುಂಬಿತು, ದನಿ ಏರಿತು. ಏರಿದ ದನಿಯೆಲ್ಲ ನನ್ನ ಮೇಲೆಯೇ. ತವರಿನ ಹಿರಿಯಕ್ಕ ಎಂದರೆ ಸುಮ್ಮನೆಯೇ? ಹಗಲು ಹೊತ್ತು ನೈಟಿ ಹಾಕಬಾರದೆಂದಳು. ಎರಡನೇ ಚಹಾಕ್ಕೆ ಕೈ ಚಾಚಿದರೆ ಕೈಗೆ ಹೊಡೆದಳು. ಬಿಸಿಲಿಗೆ ಕೂರಿಸಿಕೊಂಡು ನನ್ನ ತಲೆಗೆ ಎಣ್ಣೆ ತಟ್ಟಿ, “ಇಷ್ಟು ಸಿಟ್ಟು ಮಾಡಿದ್ರ ಕೂದಲ ಹ್ಯಾಂಗ ಉಳೀತಾವ?” ಎಂದು ಬೈದಳು. ಮೇಲಧಿಕಾರಿಗಳಿಗೂ ಹೆದರದ ನಾನು ತಲೆ ಬಗ್ಗಿಸಿ ಕುಳಿತೆ. ಹೋಳಿಯ ದಿನ ಅವಳು ಬೂದಿ ಕಲಸಿದ ನೀರನ್ನು ಕಂಡಕ್ಟರನ ಬಿಳಿ ಪೈಜಾಮದ ಮೇಲೆ ಸುರಿದು, ಅದನ್ನು ನಾನು ಮಾಡಿದ್ದೆಂದು ನನ್ನ ಕಡೆ ಬೊಟ್ಟು ಮಾಡಿದಳು. ನನ್ನನ್ನು ಯಾರು ನಂಬುತ್ತಾರೆ? ಬೈಗುಳವನ್ನೆಲ್ಲ ನಾನೇ ತಿಂದೆ.

ಯುಗಾದಿ ಹತ್ತಿರ ಬಂದಾಗ ಮೇಲ್ವಿಚಾರಕಿ ನಗುನಗುತ್ತಾ ಸುದ್ದಿ ತಂದಳು. ಹಬ್ಬದ ದಿನ ಅಕ್ಕನ ಅಣ್ಣನ ಮಗ ಡಾಬಕಾದಿಂದ ಬರುತ್ತಾನಂತೆ, ಅತ್ತೆಯನ್ನು ನೋಡಲು. ಅವನು ಇಂಥವಳು ನಮ್ಮೂರಿನಲ್ಲಿ ಇಲ್ಲವೇ ಇಲ್ಲ ಎಂದರೆ ಮುಗಿಯಿತು. ಸುಳ್ಳು ಹೇಳಿ ಕೂಳು ತಿನ್ನಿಸಿದರು ಎಂದು ಆ ಸ್ವಾಭಿಮಾನಿ ಮುದುಕಿ ತಟ್ಟೆ ಸರಿಸುತ್ತಾಳೆ. ಆಮೇಲೆ ಯಾವ ಬಾಯಿಂದ ಕರೆಯಲಿ? ಇನ್ನೊಂದು ಹೆದರಿಕೆಯೂ ಇತ್ತು, ಮುಚ್ಚಿಡುವುದೇಕೆ. ನಾನು ಯಾರೆಂದು ತಿಳಿದ ಮೇಲೆ ಆ ಎಣ್ಣೆಯ ಕೈ ನನ್ನ ತಲೆಯ ಮೇಲೆ ಮತ್ತೆ ಬರುತ್ತದೋ ಇಲ್ಲವೋ.

“ಫಿಕರ್ ಮಾಡಬ್ಯಾಡ್ರಿ” ಎಂದ ಕಂಡಕ್ಟರ್. “ಹಲ್ಲು ನೋವು ಅನ್ರಿ. ಗದ್ದಕ್ಕ ಅರಿವಿ ಕಟಗೊಂಡು ಕುಂದ್ರಿ. ಮಾತಾಡೋ ಸವಾಲೇ ಬರಂಗಿಲ್ಲ.”

ಹಬ್ಬದ ದಿನ ಗದ್ದಕ್ಕೆ ಬಟ್ಟೆ ಬಿಗಿದುಕೊಂಡು ಊಟದ ಮನೆಯಲ್ಲಿ ಕುಳಿತೆ. ಬೇವಿನ ಹೂವು, ಬೆಲ್ಲ, ಹುಣಸೆ, ಮಾವಿನಕಾಯಿ ಹಾಕಿದ ಹಬ್ಬದ ಬೇವಿನ ಪಾನಕ ದೊಡ್ಡ ಪಾತ್ರೆಯಲ್ಲಿತ್ತು. ಹೋಳಿಗೆ ಬೇಯುವ ವಾಸನೆ ಬರುತ್ತಿತ್ತು. ಬಾಯಿ ಬಿಟ್ಟರೆ ಸುಳ್ಳು, ಬಿಡದಿದ್ದರೆ ಉಪವಾಸ. ಅಣ್ಣನ ಮಗ ಬಂದ. ಐವತ್ತರ ಆಸುಪಾಸಿನ, ನಯವಾಗಿ ಮಾತಾಡುವ ಮನುಷ್ಯ. ಅತ್ತೆಯ ಮುಖ ನೋಡಿ ಬೆರಗಾಗಿ, ಕಾಲು ಮುಟ್ಟಿ ನಮಸ್ಕರಿಸಿದ. ಅಕ್ಕ ನನ್ನ ಕಡೆ ಕೈ ಮಾಡಿದಳು.

“ಇಕಿ ನನ್ನ ತಂಗಿ. ಡಾಬಕಾದಾಕಿ. ಇಕಿ ಕರೀತಾಳ, ನಾ ಉಣ್ತೇನಿ.”

“ನಮ್ಮೂರಾಕಿ ಏನ್ರಿ?” ಅವನು ಕುತೂಹಲದಿಂದ ನನ್ನತ್ತ ಬಾಗಿದ. “ಗುರ್ತು ಸಿಗಲಿಲ್ಲರಿ. ಯಾರ ಪೈಕಿ?”

ಅವನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕುಳಿತವರೂ ಕೇಳುವ ಪ್ರಶ್ನೆ ಅದು. ಯಾವ ಮನೆ, ಯಾವ ಕುಲ, ಎಷ್ಟು ದೂರ ಕೂರಬೇಕು, ಎಲ್ಲ ಆ ಎರಡು ಶಬ್ದಗಳಲ್ಲಿ ಬಂದುಬಿಡುತ್ತದೆ. ಬೇವು ಕಲಕುತ್ತಿದ್ದ ಕಂಡಕ್ಟರ್ ಸೌಟು ನಿಲ್ಲಿಸಿದ. ಬಟ್ಟೆಯೊಳಗೆ ನನ್ನ ಗದ್ದ ನಿಜವಾಗಿಯೂ ನೋಯತೊಡಗಿತು.

“ಯಾರ ಪೈಕಿ ಅಂದ್ರ?” ಅಕ್ಕ ದನಿ ಏರಿಸದೆ ಹೇಳಿದಳು. “ನನ್ನ ಪೈಕಿ.”

ಅವನು ತಬ್ಬಿಬ್ಬಾಗಿ ನನ್ನನ್ನೂ ಅವಳನ್ನೂ ನೋಡಿದ.

“ಅಕಿ ಭಾಲ್ಕಿಯಾಕಿ. ಅಕಿ ಮಂದಿ ಯಾರು, ಮನಿ ಯಾವುದು, ಅಡಗಿಯಾಕಿ ಹೇಳಿ ನನಗ ಎಂದೋ ಗೊತ್ತದ. ಡಾಬಕಾ ಅಕಿ ಕಣ್ಣಿಲೆ ನೋಡಿಲ್ಲ. ನಾ ಒಂದು ತುತ್ತು ಉಣ್ಣಲಿ ಅಂತ ತನ್ನ ತವರಾ ಬದಲ್ ಮಾಡ್ಕೊಂಡಾಳ. ನಿಮ್ಮೊಳಗ ಯಾರು ಮಾಡ್ಯಾರ ಹೇಳು?” ಎಂದಳು. “ಕೂಡು ಈಗ. ಅಕಿ ಬಡಿಸ್ತಾಳ, ಉಣ್ಣು.”

ಅವನು ತಟ್ಟೆ ಎಳೆದುಕೊಂಡು ಕುಳಿತ. ನನ್ನ ಕಣ್ಣು ತುಂಬಿ ಹೋಳಿಗೆಯ ತಟ್ಟೆ ಯಾವುದು, ಬೇವಿನ ಪಾತ್ರೆ ಯಾವುದು ಕಾಣದಂತಾಯಿತು.

ಅಕ್ಕ ತನ್ನ ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

“ಅಳೋದು ಆಮ್ಯಾಗ. ಮದಲ ನನಗ ಹಾಕು, ಹೊಟ್ಟಿ ಹಸ್ದದ.”