ಪ್ರಿಂಟರಿನ ಹೊಟ್ಟೆಯೊಳಗಿನ ಅಕ್ಷತೆ

ಯಾವ ಗುಂಡಿಯನ್ನೂ ಒಮ್ಮೆ ಒತ್ತಿ ಸುಮ್ಮನೆ ನಿಲ್ಲುವುದು ನನಗೆ ಬರುವುದಿಲ್ಲ. ಮಣಿಪಾಲದಲ್ಲಿ ಲಿಫ್ಟಿಗೆ ಕಾಯುವಾಗ ನನ್ನ ಹೆಬ್ಬೆರಳು ಗುಂಡಿಯ ಮೇಲೆಯೇ ಇರುತ್ತದೆ. ಮೊದಲೇ ಬಂದವರು ಒತ್ತಿದ್ದಾರೆ, ಗುಂಡಿ ಕೆಂಪಗೆ ಉರಿಯುತ್ತಿದೆ. ಆದರೂ ನಾನೊಮ್ಮೆ ಒತ್ತದಿದ್ದರೆ ನನ್ನ ಅವಸರ ಲಿಫ್ಟಿಗೆ ತಿಳಿಯುವುದು ಹೇಗೆ? ಮೊದಲ ಒತ್ತು ಕೇಳಿಕೊಳ್ಳಲು, ಎರಡನೆಯದು ನೆನಪಿಸಲು, ಆಮೇಲಿನದೆಲ್ಲ ಬೈಯಲು. ಕೊನೆಗೆ ಲಿಫ್ಟು ಬಂದಾಗ ಅದು ನನ್ನ ಬೈಗುಳಕ್ಕೆ ಹೆದರಿಯೇ ಬಂದದ್ದೆಂದು ನನಗೆ ಖಾತ್ರಿ.

ಇಂಥ ನಂಬಿಕೆಯ ಮನುಷ್ಯನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರೆ ಏನಾಗಬಹುದೋ ಅದೇ ಆಯಿತು. ಕಾಪುವಿನ ಹೆದ್ದಾರಿ ಬದಿಯಲ್ಲಿ ಬಲೆ, ಹಗ್ಗ, ಬಣ್ಣ, ಮೊಳೆ ಮಾರುವ ಅಂಗಡಿಯಲ್ಲಿ ನಾನು ಬಿಲ್ಲು ಮಾಡುವವನು. ಬಿಲ್ಲಿನ ಪ್ರೋಗ್ರಾಮ್ ಬರೆದುಕೊಟ್ಟವಳು ನನ್ನ ತಂಗಿ ವನಿತಾ. ಅವಳು ಹಗಲು ಇನ್ನೊಬ್ಬರ ಆಫೀಸಿನಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಪರ್ಕಳದ ಬಾಡಿಗೆ ಕೋಣೆಯಲ್ಲಿ ಕೂತು ಸಣ್ಣ ಅಂಗಡಿಗಳಿಗೆ ಇಂಥದ್ದನ್ನು ಬರೆಯುತ್ತಾಳೆ. ನಮ್ಮ ಧಣಿಗೆ ಉಡುಪಿಯಲ್ಲೂ ಕಾರ್ಕಳದಲ್ಲೂ ಅಂಗಡಿಗಳಿವೆ. ಕಾಪುವಿನಲ್ಲಿ ದೀಪಾವಳಿಯವರೆಗೆ ತೊಂದರೆ ಇಲ್ಲದೆ ನಡೆದರೆ ಉಳಿದೆರಡು ಅಂಗಡಿಗಳಿಗೂ ಅವಳದೇ ಪ್ರೋಗ್ರಾಮ್ ಎಂದು ಧಣಿ ಮಾತು ಕೊಟ್ಟಿದ್ದರು. ಅದು ಸಿಕ್ಕಿದರೆ ಪರರ ಆಫೀಸು ಬಿಟ್ಟು ಸ್ವಂತ ಹೆಸರಿನ ಬೋರ್ಡು ತೂಗುಹಾಕುವುದೆಂದು ವನಿತಾಳ ಲೆಕ್ಕ. ಬೋರ್ಡಿನ ಅಕ್ಷರದ ಬಣ್ಣವನ್ನು ಕೂಡ ನಮ್ಮ ಅಂಗಡಿಯಲ್ಲೇ ನೋಡಿಟ್ಟಿದ್ದಳು.

ನನ್ನ ಓದಿನ ಬಗ್ಗೆಯೂ ಹೇಳಿಬಿಡಬೇಕು. ತಂಗಿಯನ್ನು ಓದಿಸಲು ಅಣ್ಣ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ಎಂದು ಉಚ್ಚಿಲದ ನಮ್ಮ ನೆಂಟರಲ್ಲಿ ಒಂದು ಕತೆ ಓಡಾಡುತ್ತಿದೆ. ಮದುವೆ ಮನೆಗಳಲ್ಲಿ ಹೆಂಗಸರು ಈ ಕತೆ ಹೇಳಿ ನನ್ನ ಎಲೆಗೆ ಇನ್ನೊಂದು ತುಂಡು ಮೀನು ಬಡಿಸುತ್ತಾರೆ. ನಾನು ಶಾಲೆ ಬಿಟ್ಟದ್ದು ಗಣಿತದ ಮೇಷ್ಟ್ರ ಭಯದಿಂದ. ಆಗ ವನಿತಾ ಬಾಲವಾಡಿಗೆ ಹೋಗುತ್ತಿದ್ದಳು, ಅವಳ ಓದಿಗೆ ತಗಲುತ್ತಿದ್ದ ವೆಚ್ಚವೆಂದರೆ ಒಂದು ಬಳಪ. ಆದರೂ ಕತೆಯನ್ನು ನಾನು ತಿದ್ದಲಿಲ್ಲ. ಬಡಿಸಿದ ಮೀನನ್ನು ಬೇಡ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ.

ಪ್ರೋಗ್ರಾಮ್ ಶುರುವಾದ ದಿನವೇ ಮೊಳೆ ಕೊಳ್ಳಲು ಬಂದವರೊಬ್ಬರ ಕೈಗೆ ಒಂದು ಕಟ್ಟು ಬಿಲ್ಲು ಹೋಯಿತು. ಕಾಗದ ಬರುವುದು ಚೂರು ತಡವಾದ್ದಕ್ಕೆ ನಾನು ಪ್ರಿಂಟ್ ಗುಂಡಿಯನ್ನು ಲಿಫ್ಟಿನ ಗುಂಡಿಯೆಂದು ತಿಳಿದಿದ್ದೆ. ವನಿತಾ ಅದಕ್ಕೂ ದಾರಿ ಹುಡುಕಿದಳು. ಒಮ್ಮೆ ಒತ್ತಿದ ಕೂಡಲೇ ಗುಂಡಿ ಬೂದು ಬಣ್ಣಕ್ಕೆ ತಿರುಗಿ, ಕಾಗದ ಹೊರಬರುವವರೆಗೆ ಸತ್ತಂತೆ ಬಿದ್ದುಕೊಳ್ಳುವ ಹಾಗೆ ಮಾಡಿಕೊಟ್ಟಳು. ನಾನು ಬೂದು ಗುಂಡಿಯನ್ನೂ ಒತ್ತುತ್ತಿದ್ದೆ. ನಮ್ಮ ಕಚೇರಿಗಳಲ್ಲಿ ಕಿಟಕಿಯ ಹಿಂದೆ ಕೂತಿರುವ ಎಷ್ಟೋ ಮಂದಿ ಇಂಥ ಬೂದು ಗುಂಡಿಗಳೇ ಅಲ್ಲವೇ? ಕಣ್ಣಿಗೆ ಕಾಣುತ್ತಾರೆ, ಹೆಸರೂ ಬರೆದಿರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಆದರೂ ನಾವು ಒತ್ತುವುದನ್ನು ಬಿಟ್ಟಿದ್ದೇವೆಯೇ?

ಪರದೆಯ ಮೇಲೆ ಇದ್ದೂ ಕಾಣದ ಪೆಟ್ಟಿಗೆಗಳೂ ಇರುತ್ತವಂತೆ. ಅವು ಬೇಕಾದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ವನಿತಾ ಅದನ್ನು ದೊಡ್ಡ ವಿದ್ಯೆಯೆಂಬಂತೆ ವಿವರಿಸಿದಾಗ ನನಗೆ ನಗು ಬಂತು. ನನ್ನ ಒಂಬತ್ತನೆಯ ತರಗತಿಯ ಗಣಿತದ ಅಂಕ ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದೆ.

ಇನ್ನೊಮ್ಮೆ ದೋಣಿಯವರೊಬ್ಬರಿಗೆ ನೂರು ಮೀಟರ್ ಹಸಿರು ಪೈಂಟ್ ಮಾರಿದೆ. ಅವರು ಕೊಂಡದ್ದು ಹಗ್ಗ. ಸಾಮಾನಿನ ಹೆಸರುಗಳ ಪಟ್ಟಿಯಲ್ಲಿ ನಾನು ಹಗ್ಗವನ್ನೇ ಆರಿಸಿದ್ದೆ. ಆಮೇಲೆ ಬೆರಳು ಸುಮ್ಮನಿರಲಾರದೆ ಮೌಸಿನ ನಡುವಿನ ಚಕ್ರವನ್ನು ತಿರುಗಿಸಿತು, ಪಟ್ಟಿ ಸದ್ದಿಲ್ಲದೆ ಒಂದು ಹೆಸರು ಕೆಳಗಿಳಿಯಿತು. ಅವರು ಮರುದಿನ ಬಿಲ್ಲು ಹಿಡಿದುಕೊಂಡು ಬಂದು, ಈ ಪೈಂಟಿನಲ್ಲಿ ದೋಣಿ ಕಟ್ಟಿದರೆ ಲಕ್ಷದ್ವೀಪಕ್ಕೆ ಮುಟ್ಟೀತಾ ಎಂದು ಕೇಳಿದರು. ನಾನು ಅವರೆದುರೇ ವನಿತಾಳಿಗೆ ಫೋನು ಮಾಡಿ ಜೋರು ಮಾಡಿದೆ. ಚಕ್ರ ತಿರುಗಿದರೂ ಹೆಸರು ಬದಲಾಗದ ಹಾಗೆ ಮಾಡ್ತೇನೆ ಎಂದಳು, ಮಾಡಿದಳು. ನೀನ್ಯಾಕೆ ತಿರುಗಿಸಿದ್ದು ಎಂದು ಕೇಳಲಿಲ್ಲ.

ಅವಳ ಕಸುಬಿನ ಧರ್ಮವೇ ಹಾಗಂತೆ. ಉಪಯೋಗಿಸುವವ ತಪ್ಪು ಮಾಡಿದರೆ, ತಪ್ಪು ಮಾಡಲು ಬಿಟ್ಟ ಪ್ರೋಗ್ರಾಮಿನದೇ ದೋಷ. ಕುಣಿಯಲು ಬಾರದವರಿಗೆ ನೆಲ ಡೊಂಕು ಎಂಬ ಗಾದೆ ಕೇಳಿ ಬೆಳೆದವನು ನಾನು. ಇಲ್ಲಿ ನೋಡಿದರೆ, ಡೊಂಕು ನೆಲವೇ ಎದ್ದು ಬಂದು ಕ್ಷಮಿಸಿ ಎನ್ನುತ್ತಿದೆ. ಇಂಥ ಧರ್ಮ ಒಂದು ಕಡೆ ಇದ್ದರೆ ನನ್ನಂಥವರು ಇನ್ನೊಂದು ಕಡೆ ಕೊಬ್ಬುವುದು ಸಹಜ. ಇಷ್ಟು ಹೊತ್ತು ಲಿಫ್ಟು, ಮೀನು ಎಂದು ನಾನು ಸುತ್ತುತ್ತಿರುವುದು ಏಕೆಂದು ನಿಮಗೆ ಅರ್ಥವಾಗಿರಬೇಕು. ಹೇಳಬೇಕಾದ್ದು ಇನ್ನು ಮುಂದಿದೆ.

ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿ, ಕತ್ತರಿ, ಹಗ್ಗ ಸುತ್ತುವ ರಾಟೆಗಳ ಜೊತೆ ಕಂಪ್ಯೂಟರಿಗೂ ಪ್ರಿಂಟರಿಗೂ ಪೂಜೆಯಾಯಿತು. ಮಾಡಿದವನು ನಾನೇ. ಹಣೆ ಎಲ್ಲಿದೆ ಎಂದು ತಿಳಿಯದೆ ಪ್ರಿಂಟರಿನ ಮೂರು ಕಡೆ ಗಂಧ ಹಚ್ಚಿದೆ. ಮೇಲೆ ಸೇವಂತಿಗೆ ಇಟ್ಟೆ. ಕುಂಕುಮ ಕಲಸಿದ ಅಕ್ಕಿಯನ್ನು ವಧೂವರರಿಗೆ ಹಾಕುವಷ್ಟು ಧಾರಾಳವಾಗಿ ಹಾಕಿದೆ. ಕಾಗದ ಒಳಗೆ ಹೋಗುವ ಬಾಯಿ ತೆರೆದೇ ಇತ್ತು.

ಪೂಜೆ ಮುಗಿದು ಅಂಗಡಿ ತೆರೆದಾಗ ಪ್ರಿಂಟರು ಮುಷ್ಕರ ಹೂಡಿತು. ಕಾಗದ ಇಟ್ಟಿದೆ, ಆದರೂ ಕಾಗದ ಇಲ್ಲ ಎನ್ನುತ್ತದೆ. ನಾನು ಪೂಜೆಯನ್ನು ನೆನಪಿಸಿಕೊಳ್ಳಲಿಲ್ಲ. ದೇವರ ಕೆಲಸದಿಂದ ಕೆಟ್ಟದಾಗುತ್ತದೆ ಎಂದು ಯಾರಾದರೂ ಯೋಚಿಸುತ್ತಾರೆಯೇ? ನಿನ್ನ ಪ್ರೋಗ್ರಾಮ್ ಹಾಳಾಗಿದೆ ಎಂದು ವನಿತಾಳಿಗೆ ಫೋನು ಮಾಡಿದೆ. ಗಿರಾಕಿಗಳಿಗೂ ಅದನ್ನೇ ಹೇಳಿದೆ. ಪಕ್ಕದ ಹೋಟೆಲಿಗೆ ಚಹಾಕ್ಕೆ ಹೋದಾಗ ಯಾರೂ ಕೇಳದಿದ್ದರೂ ಹೇಳಿದೆ.

ಅವಳು ರಜೆ ಹಾಕಿ ಎರಡು ಬಸ್ಸು ಬದಲಾಯಿಸಿ ಬಂದಳು. ತಂತಿ ನೋಡಲೆಂದು ಪ್ರಿಂಟರನ್ನು ಮುಂದಕ್ಕೆ ಎಳೆದದ್ದೇ ತಡ, ಅದು ಸರಾಗವಾಗಿ ಬಿಲ್ಲು ಕೊಟ್ಟಿತು. ಅವಳು ಬಸ್ಸು ಹತ್ತಿದ ಮೇಲೆ ನಾನು ಪ್ರಿಂಟರನ್ನು ಜಾಗಕ್ಕೆ ತಳ್ಳಿದೆ, ಮತ್ತೆ ಕಾಗದ ಇಲ್ಲ ಎಂದಿತು. ಇನ್ನೊಮ್ಮೆ ಕರೆದೆ, ಇನ್ನೊಮ್ಮೆ ಬಂದಳು, ಇನ್ನೊಮ್ಮೆ ಅವಳೆದುರು ಒಳ್ಳೆಯ ಮಗುವಿನಂತೆ ನಡೆಯಿತು. ಡಾಕ್ಟರ ಮುಂದೆ ಮಾಯವಾಗುವ ಹೊಟ್ಟೆನೋವು ಗೊತ್ತಲ್ಲ, ಹಾಗೆ. ಪ್ರಿಂಟರು ಸರಿಯಿದೆ, ಹಾಗಾದರೆ ತಪ್ಪು ತನ್ನದೇ ಎಂಬ ತೀರ್ಮಾನಕ್ಕೆ ವನಿತಾ ಬಂದಳು.

ಪೂಜೆಗೆ ಮೊದಲು ಅವಳು ಹೊಸದಾಗಿ ಒಂದು ಕಿಟಕಿ ಮಾಡಿಕೊಟ್ಟಿದ್ದಳು. ಕಾಗದಕ್ಕೆ ಹೋಗುವ ಮೊದಲು ಬಿಲ್ಲು ಹೇಗೆ ಬರುತ್ತದೆಂದು ಅದು ಪರದೆಯಲ್ಲೇ ತೋರಿಸುತ್ತಿತ್ತು. ಅಂಗಡಿಯ ಹೆಸರು, ಕೆಳಗೆ ಒಂದು ಪುಟ್ಟ ದೋಣಿಯ ಚಿತ್ರ. ಅದನ್ನು ಅವಳು ಬಹಳ ಆಸೆಯಿಂದ ಮಾಡಿದ್ದಳು. ಆ ಕಿಟಕಿಯ ಮೇಲೆಯೇ ಅವಳಿಗೆ ಅನುಮಾನ ಬಂತು. ನವರಾತ್ರಿಯ ಮರುವಾರವೆಲ್ಲ ಅದನ್ನು ಬಿಚ್ಚಿದಳು, ಜೋಡಿಸಿದಳು. ಧಣಿಗೆ ಫೋನು ಮಾಡಿ, ನನ್ನದೇ ಎಂತದೋ ತಪ್ಪಿರಬೇಕು, ಸ್ವಲ್ಪ ಸಮಯ ಕೊಡಿ ಎಂದು ಕೇಳಿಕೊಂಡಳು.

ಆ ವಾರವೇ ಒಂದು ಬೆಳಿಗ್ಗೆ ಧೂಳು ಒರೆಸಲು ನಾನು ಪ್ರಿಂಟರನ್ನು ಮಗುಚಿ ಹಿಡಿದೆ. ಟಪ್ಪೆಂದು ಒಂದು ಕಾಳು ಮೇಜಿನ ಮೇಲೆ ಬಿತ್ತು. ಕೆಂಪು ಅಕ್ಕಿ ಕಾಳು. ಕಾಗದ ಬಂದಿದೆಯೇ ಎಂದು ಮುಟ್ಟಿ ನೋಡುವ ಪುಟ್ಟ ಕಡ್ಡಿಯೊಂದು ಒಳಗಿದೆ; ಪ್ರಿಂಟರನ್ನು ತಳ್ಳಿದಾಗ ಕಾಳು ಅದರ ಅಡಿಗೆ ಉರುಳಿ ಸಿಕ್ಕಿಕೊಳ್ಳುತ್ತಿತ್ತು, ಎಳೆದಾಗ ಜಾರಿಕೊಳ್ಳುತ್ತಿತ್ತು. ಪ್ರಿಂಟರನ್ನು ಕೆಳಗಿಟ್ಟೆ. ಸರದಿಯಲ್ಲಿ ಕಾದು ಕೂತಿದ್ದ ಬಿಲ್ಲುಗಳೆಲ್ಲ ಒಂದರ ಹಿಂದೊಂದು ದಬದಬನೆ ಹೊರಬಂದವು.

ಅದೇ ಹೊತ್ತಿಗೆ ಧಣಿ ಒಳಗೆ ಬಂದರು. ನಾನು ಮಾಡಿದ ಮೊದಲ ಕೆಲಸವೆಂದರೆ ಕಾಳನ್ನು ಅಂಗಿಯ ಜೇಬಿಗೆ ಹಾಕಿದ್ದು.

"ಎಂತ ಮಾಡಿದೆ ಶೇಖರ?"

"ಎರಡು ತಟ್ಟಿದೆ ಧಣಿ, ಸರಿಯಾಯಿತು."

ಧಣಿ ನಕ್ಕರು. ತಟ್ಟಿದರೆ ಸರಿಯಾಗುವುದಕ್ಕೆ ಆ ಹುಡುಗಿ ಇಷ್ಟು ದಿನ ತಲೆ ಕೆಡಿಸಿಕೊಂಡಳಲ್ಲ, ಅವಳಿಗಿಂತ ನಿನ್ನ ಕೈಯೇ ಜಾಸ್ತಿ ಓದಿದೆ ಎಂದರು. ಕಾರ್ಕಳ, ಉಡುಪಿಯ ಮಾತು ಈಗ ಬೇಡ, ಮೊದಲು ಅವಳು ಸರಿಯಾಗಿ ಕಲಿಯಲಿ ಎಂದರು. ನಾನೂ ನಕ್ಕೆ. ನನ್ನ ನಗು ಧಣಿಯ ನಗುವಿಗಿಂತ ಒಂದು ಗಳಿಗೆ ಹೆಚ್ಚೇ ಇತ್ತು. ಶಾಲೆ ಬಿಟ್ಟವನ ಕೈ ಗೆದ್ದಿತೆಂಬ ಖುಷಿ ಅದು. ಇದನ್ನು ಬರೆಯುವಾಗ ಆ ನಗುವೇ ನನ್ನ ಕಿವಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಕೇಳುತ್ತಿದೆ.

ತಟ್ಟಿ ಸರಿಯಾದದ್ದು ಮತ್ತೆ ಕೆಡುತ್ತದೆ ಎಂದು ವನಿತಾ ಕಿಟಕಿಯನ್ನೇ ತೆಗೆದುಹಾಕಿದಳು. ಅದಿಲ್ಲದ ಹೊಸ ಪ್ರೋಗ್ರಾಮನ್ನು ಹಾಕಲು ಬಂದ ದಿನ ಪ್ರಿಂಟರಿನ ಮುಚ್ಚಳ ತೆರೆದವಳು ಒಳಗೆ ಬೆರಳಾಡಿಸಿದಳು. ಬೆರಳು ಕೆಂಪಾಯಿತು.

"ಅಣ್ಣ, ಈ ಸಲ ಪೂಜೆ ಯಾರು ಮಾಡಿದ್ದು?"

"ಎಲ್ಲರೂ ಸೇರಿ ಮಾಡಿದ್ದು," ಎಂದೆ.

ಅವಳು ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು ಮತ್ತೆ ಕೀಲಿಮಣೆಗೆ ತಿರುಗಿದಳು. ಏನೋ ಒಂದಿಷ್ಟು ಸೇರಿಸಿ ಹೋದಳು. ಅದೇನೆಂದು ನಾನು ಕೇಳಲಿಲ್ಲ.

ಕೆಲವು ದಿನಗಳ ಮೇಲೆ ಧಣಿ ನನ್ನ ಪಕ್ಕ ನಿಂತು ಬಿಲ್ಲಿಗೆ ಕಾಯುತ್ತಿದ್ದಾಗ ಕಾಗದ ಮಡಚಿ ಸಿಕ್ಕಿಕೊಂಡಿತು. ಪರದೆಯ ನಡುವೆ ಇದುವರೆಗೆ ಕಾಣದೆ ಇದ್ದ ಪೆಟ್ಟಿಗೆಯೊಂದು ಎದ್ದು ನಿಂತಿತು. ಧಣಿ ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿದರು: "ಮುದ್ರಣ ಆಗುತ್ತಿಲ್ಲ. ಕಾಗದ ನೋಡಿ. ಒಳಗೆ ಅಕ್ಷತೆ ಬಿದ್ದಿದೆಯೇ ಎಂದೂ ನೋಡಿ." ಕೆಳಗೆ ಎರಡು ಗುಂಡಿಗಳು, ಒಂದರಲ್ಲಿ ‘ನೋಡಿದೆ’, ಇನ್ನೊಂದರಲ್ಲಿ ‘ಆಮೇಲೆ’. ನನ್ನ ಬೆರಳು ‘ಆಮೇಲೆ’ ಎಂಬುದರ ಕಡೆಗೆ ತಾನಾಗಿಯೇ ಹೊರಟಿತ್ತು.

"ಅಕ್ಷತೆ ಎಂತಕ್ಕೆ ಮಾರಾಯ ಇದರಲ್ಲಿ?" ಧಣಿ ಕೇಳಿದರು.

"ನಾನು ಹಾಕಿದ್ದು ಧಣಿ. ಪೂಜೆಯ ದಿನ. ಪ್ರೋಗ್ರಾಮಿನಲ್ಲಿ ತೊಂದರೆಯೇ ಇರಲಿಲ್ಲ."

"ಹಾಗಾದರೆ ನೀನು ತಟ್ಟಿದ್ದು?"

"ತಟ್ಟಲೂ ಇಲ್ಲ."

ಅವರು ಕನ್ನಡಕ ಕಳಚಿ ಜೇಬಿಗೆ ಹಾಕಿಕೊಂಡರು. ಆಮೇಲೆ, "ಕಾರ್ಕಳಕ್ಕೆ ಅವಳನ್ನು ಬರಲಿಕ್ಕೆ ಹೇಳು. ನೀನು ಬರಬೇಡ," ಎಂದರು.

ಹೇಳಿದೆ. ವನಿತಾ ಈಗ ಶನಿವಾರಗಳಲ್ಲಿ ಕಾರ್ಕಳಕ್ಕೆ ಹೋಗುತ್ತಿದ್ದಾಳೆ. ಧಣಿಯ ಮನಸ್ಸು ಹೇಗೆ ಬದಲಾಯಿತು ಎಂದು ಅವಳು ಕೇಳಿದ್ದಕ್ಕೆ, ನಾನು ಒಂದು ಮಾತು ಹಾಕಿದೆ ಎಂದುಬಿಟ್ಟೆ. ನೋಡಿ, ಮತ್ತೊಂದು ತುಂಡು ಮೀನು ನನ್ನ ಎಲೆಗೇ ಬಿತ್ತು. ಧಣಿಯ ಮುಂದೆ ಬಾಯಿಬಿಟ್ಟದ್ದು ಒಪ್ಪಿಕೊಂಡದ್ದಲ್ಲ, ಸಿಕ್ಕಿಬಿದ್ದದ್ದು. ಒಪ್ಪಿಕೊಳ್ಳಬೇಕಾದ್ದು ಅವಳ ಮುಂದೆ. ಅಕ್ಷತೆ ಬಿದ್ದದ್ದು ಅವಳಿಗೆ ಗೊತ್ತು. ಅವಳು ತನ್ನನ್ನೇ ಶಂಕಿಸಿ ಆ ಕಿಟಕಿಯನ್ನು ಕಿತ್ತು ಹಾಕುತ್ತಿದ್ದಾಗ ಕಾಳು ನನ್ನ ಜೇಬಿನಲ್ಲಿತ್ತು ಎಂಬುದು ಗೊತ್ತಿಲ್ಲ. ನಾನು ನಕ್ಕದ್ದೂ ಗೊತ್ತಿಲ್ಲ.

ನನ್ನ ಮನಸ್ಸಿನ ಪರದೆಯಲ್ಲಿ ಈ ಮಾತು ಎಷ್ಟೋ ಸಲ ಅಚ್ಚುಕಟ್ಟಾಗಿ ಕಂಡಿದೆ. ಅವಳೆದುರು ನಿಂತರೆ ಬಾಯಿ ಪ್ರಿಂಟರಿನಂತೆ ಕಾಗದ ಇಲ್ಲ ಎನ್ನುತ್ತದೆ. ಅದಕ್ಕೇ ಇವತ್ತು ಗಿರಾಕಿಗಳಿಲ್ಲದ ಮಧ್ಯಾಹ್ನ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಇದನ್ನೆಲ್ಲ ಕುಟ್ಟಿದ್ದೇನೆ. ಸಂಜೆ ಅವಳು ಕಾರ್ಕಳದಿಂದ ಇಲ್ಲಿಗೇ ಬರುತ್ತಾಳೆ. ವನಿತಾ, ಓದಿದ ಮೇಲೆ ಬೈಯುವುದಿದ್ದರೆ ಬೈದುಬಿಡು. ಆದರೆ ದೋಣಿಯ ಚಿತ್ರವಿದ್ದ ಆ ಕಿಟಕಿಯನ್ನು ವಾಪಸು ಹಾಕು. ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ಪ್ರಿಂಟ್ ಗುಂಡಿಯನ್ನು ಒತ್ತಿದ್ದೇನೆ. ಒಮ್ಮೆ ಮಾತ್ರ. ಗುಂಡಿ ಬೂದು ಬಣ್ಣಕ್ಕೆ ತಿರುಗಿದೆ. ಕೈ ಕಟ್ಟಿಕೊಂಡು ಕಾಯುತ್ತಿದ್ದೇನೆ.