ಕಂಟ್ರೋಲರ್ ಸಾಹೇಬರ ಯುದ್ಧ

ವಡಗೇರಾ ಬಸ್ ನಿಲ್ದಾಣದ ಕಂಟ್ರೋಲರ್, ಮಧ್ಯಾಹ್ನ ಬಸ್ಸುಗಳಿಲ್ಲದ ಅರ್ಧ ಗಂಟೆಯಲ್ಲಿ ಮೊಬೈಲಿನೊಳಗೆ ಯುದ್ಧ ಮಾಡುತ್ತಿದ್ದರು. ಅದು ನಾಲ್ವರ ತಂಡದ ಆಟ. ಉಳಿದ ಮೂವರು ಎಲ್ಲಿಯವರೋ, ಮುಖ ಕಂಡವರಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು ಅವರಿಗೂ ಪ್ರಯಾಣಿಕರಿಗೆ ಹೇಳುವಂತೆಯೇ ಹೇಳುತ್ತಿದ್ದರು: "ನೀವು ಮುಂದ ನಡೀರಿ, ಹಿಂದ ನಾ ಅದೀನಿ."

ದಿನವೂ ಅಲ್ಲಿಂದ ಶಹಾಪುರದ ಬಸ್ ಹಿಡಿಯುತ್ತಿದ್ದ ನಾನು ಒಮ್ಮೆ ಕೇಳಿದೆ, "ಈ ವಯಸ್ಸಿನಾಗ ಇದೇನ್ ಹುಚ್ಚರಿ ನಿಮಗ?"

ಅವರು ಕನ್ನಡಕವನ್ನು ಹಣೆಗೇರಿಸಿ ಕಣ್ಣುಜ್ಜಿಕೊಂಡರು. "ಸರ್, ಇಲ್ಲಿ ಮುಂಜಾನಿಂದ ಒದರತೀನಿ, ಒಬ್ಬರೂ ಹೊಳ್ಳಿ ನೋಡಂಗಿಲ್ಲ. ಇದರಾಗ ಗುಂಡು ಬಡದು ಬಿದ್ದೆ ಅಂದ್ರ, ತಮ್ಮ ಜೀವ ಹೋದ್ರೂ ಸೈ, ಎತ್ತಾಕ ಹೊಳ್ಳಿ ಬರ್ತಾರ."

ಒಂದು ದಿನ ಬಸ್ಸು ಬಹಳ ತಡವಾಗಿ ಬಂತು. ಜನ ನುಗ್ಗಿದರು. ಇಳಿಯುವವರಿಗೆ ದಾರಿ ಬಿಡಿಸಲು ಹೋದ ಕಂಟ್ರೋಲರ್ ನೂಕಾಟದಲ್ಲಿ ಮೊಣಕಾಲೂರಿ ಬಿದ್ದರು. ಕನ್ನಡಕ ಎಲ್ಲೋ ಹಾರಿತು. "ಬಿದ್ದೀನ್ರಿ, ಯಾರರೆ ಬರ್ರಿ" ಎಂದರು, ಆಟದಲ್ಲಿ ಗುಂಡು ಬಡಿದಾಗ ಹೇಳುವ ಅದೇ ದಣಿದ ದನಿಯಲ್ಲಿ. ನನಗದು ಸ್ಪಷ್ಟವಾಗಿ ಕೇಳಿಸಿತು. ಆದರೆ ಸೀಟು ಹಿಡಿಯಲು ಕಿಟಕಿಯಿಂದ ಒಳಗೆಸೆದಿದ್ದ ನನ್ನ ಟವೆಲ್ಲನ್ನು ಯಾರಾದರೂ ಸರಿಸಿಬಿಟ್ಟಾರೆಂದು ನಾನು ಬಾಗಿಲಿನತ್ತ ನುಗ್ಗಿದೆ.

ಬಸ್ಸು ಹೊರಡುವಾಗ ಅವರು ತಾವೇ ಎದ್ದು, ಕನ್ನಡಕ ಹುಡುಕಿ ಹಾಕಿಕೊಂಡು, ಪ್ಯಾಂಟಿನ ಧೂಳು ಝಾಡಿಸಿಕೊಂಡು ಸೀಟಿ ಊದಿದರು. ಕಿಟಕಿಯಲ್ಲಿ ನನ್ನನ್ನು ಕಂಡು ಕೈಯೆತ್ತಿದರು.

"ನೀವು ನಡೀರಿ ಸರ್. ಹಿಂದ ನಾ ಅದೀನಿ."