ಒಳಗಿನ ಆರು ಸರಪಳಿ

ಆ ಭಾನುವಾರ ನಾವಿಬ್ಬರೂ ಜಗಳವಾಡಿದ್ದು ಒಂದು ಝೆರಾಕ್ಸ್ ಹಾಳೆಯ ಸಲುವಾಗಿ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನ್ನ ಹೆಂಡತಿ ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ನಾನು ಲಕಮನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ವೆಲ್ಡರ್. ಬೇಸಿಗೆಯ ತರಬೇತಿ ಶಿಬಿರದಿಂದ ಅವಳು ತಟ್ಟೆಯಂಥ ಒಂದು ಪ್ಲಾಸ್ಟಿಕ್ ಡಿಸ್ಕನ್ನೂ ಒಂದು ಚಿತ್ರದ ಝೆರಾಕ್ಸನ್ನೂ ತಂದಿದ್ದಳು. ಆಟದ ಹೆಸರು ಡಿಸ್ಕ್ ಗಾಲ್ಫ್. ಕಂಬಕ್ಕೊಂದು ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ದೂರದಿಂದ ಎಸೆದ ಡಿಸ್ಕ್ ಸರಪಳಿಗೆ ತಾಗಿ ಬುಟ್ಟಿಯೊಳಗೆ ಬೀಳಬೇಕು. ಖೋ ಖೋಗೂ ಕಬಡ್ಡಿಗೂ ಯಾರೂ ಕರೆಯದ ಹುಡುಗಿಯರಿಗೆ ಇದನ್ನು ಕಲಿಸಬೇಕೆಂದು ಅವಳ ಆಸೆ. ಮೊದಲು ತನಗೆ ಗುರಿ ಹತ್ತಬೇಕು, ಅದಕ್ಕೆ ಹಿತ್ತಲಲ್ಲೊಂದು ಬುಟ್ಟಿ ಮಾಡಿಕೊಡಿ ಎಂದಳು.

ಮೂರು ಭಾನುವಾರ ಹಿಡಿಯಿತು. ಹಳೆಯ ಟೈರಿನೊಳಗೆ ಸಿಮೆಂಟು ಸುರಿದು ನೀರಿನ ಪೈಪು ನಿಲ್ಲಿಸಿದೆ. ಸರಳು ಬಗ್ಗಿಸಿ ಬುಟ್ಟಿ ಮಾಡಿ ಅವಳ ಸೊಂಟದ ಎತ್ತರಕ್ಕೆ ಕೂರಿಸಿದೆ. ಪೈಪಿನ ತುದಿಗೆ ಸೈಕಲ್ ರಿಮ್ಮು. ಕಡ್ಡಿ ಹಾಕುವ ತೂತುಗಳಲ್ಲಿ ಎರಡು ಬಿಟ್ಟು ಒಂದಕ್ಕೆ ತಂತಿ ಪೋಣಿಸಿ, ದನ ಕಟ್ಟುವ ಸರಪಳಿ ಹನ್ನೆರಡು ಇಳಿಬಿಟ್ಟೆ.

ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. “ಅಕ್ಕೋರ, ಇಷ್ಟ ಸರಪಳಿ ತಂದೀರಿ, ಎಮ್ಮಿ ಯಾವಾಗ ಬರ್ತಾವ್ರಿ?”

“ಎಮ್ಮಿ ಇಲ್ಲ ಬಿಡ್ರಿ ಅಮ್ಮಾ, ಒಂದ ಕೋಣ ಐತಿ. ವೆಲ್ಡಿಂಗ್ ಮಾಡಾಕತ್ತೈತಿ ನೋಡ್ರಿ,” ಅಂದಳು ಇವಳು. ಅಜ್ಜಿಗೆ ಕೆಮ್ಮು ಬರುವಷ್ಟು ನಗು.

ಅವಳು ಹತ್ತು ಹೆಜ್ಜೆ ಹಿಂದೆ ನಿಂತು ಎಸೆದಳು. ಡಿಸ್ಕ್ ಎರಡು ಸರಪಳಿಗಳ ನಡುವೆ ಹೊಕ್ಕು, ಪೈಪಿಗೆ ಬಡಿದು, ಪುಟಿದು ನೆಲಕ್ಕೆ ಬಿತ್ತು. ಮತ್ತೆ ಎಸೆದಳು. ಮತ್ತೆ ಹಾಗೆಯೇ. ಹಾಳೆ ತಂದು ನನ್ನ ಮುಂದೆ ಹಿಡಿದಳು.

“ಇಲ್ಲಿ ನಡುವ ಕರ್ರಗ ಕಾಣತೈತಲ್ರಿ, ಇದು ಇನ್ನೊಂದು ಸುತ್ತು ಸರಪಳಿ. ಒಳಗಿನವು ಇಲ್ಲದ್ದಕ್ಕ ಪೈಪಿಗೆ ಬಡದು ಹೊರಗ ಬೀಳಾಕತ್ತೈತಿ.”

“ಅದು ಝೆರಾಕ್ಸಿನ ಮಸಿ. ಮಷೀನ್ ಛಲೋ ಇದ್ದಿಲ್ಲ.”

“ಮಸಿ ಅಲ್ರಿ, ಸರಪಳಿ.”

“ವೆಲ್ಡರ್ ನಾನೋ ನೀನೋ?”

“ವೆಲ್ಡರ್ ನೀವ ಆಗ್ರಿ. ಎಸಿಯಾಕಿ ನಾನು.”

ಅವಳ ಮಾತು ಸರಿಯಿರಬಹುದು ಎಂದು ನನಗೆ ಅಲ್ಲಿಯೇ ಅನ್ನಿಸಿತ್ತು. ಆದರೆ ಮೂರು ವಾರ ಬೆವರು ಸುರಿಸಿ ಮಾಡಿದ್ದರಲ್ಲಿ ತಪ್ಪು ತೋರಿಸಿದ್ದು ಹಿಡಿಸಲಿಲ್ಲ. “ಮುಂದಿನ ಐತವಾರ ನೋಡೂಣು” ಅಂದು ಕೈ ತೊಳೆದುಕೊಂಡೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಊಟಕ್ಕೆ ಬಡಿಸುವಾಗ, “ಕೋಣಕ್ಕ ಇನ್ನೊಂದು ರೊಟ್ಟಿ ಹಾಕ್ಲೇನು?” ಅಂತ ಕೇಳಿದಳು. ನಾನು ನಗದೆ ಹಾಕಿಸಿಕೊಂಡೆ.

ಮರುದಿನ ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ಅವಳು ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತಸ್ರಾವ ಅಂದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. ಮಾತು ಬರಲಿಲ್ಲ. ಬುಧವಾರ ಹೋದಳು.

ತಿಂಗಳು ಕಳೆದ ಮೇಲೆ ಶಾಲೆಯವರು ಅವಳ ಚೀಲ ತಂದುಕೊಟ್ಟರು. ಸೀಟಿ, ಹಾಜರಿ ಪುಸ್ತಕ, ಒಂದು ಬಾಚಣಿಗೆ. ಪುಸ್ತಕದೊಳಗೆ ಅದೇ ಹಾಳೆ, ನಾಲ್ಕು ಮಡಿಕೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ದೊಡ್ಡ ವೃತ್ತ, ಅದರೊಳಗೆ ಸಣ್ಣದು, ಸಣ್ಣದರ ಮೇಲೆ ಆರು ಚುಕ್ಕೆ. ಸೋಮವಾರ ಬೆಳಿಗ್ಗೆ ಯಾವಾಗಲೋ ಬರೆದಿರಬೇಕು. ನನಗೆ ತಿಳಿಯುವ ಹಾಗೆ ಬರೆದಿದ್ದಳು.

ನಾನು ಕೂಡಲೇ ಏನೂ ಮಾಡಲಿಲ್ಲ. ಬುಟ್ಟಿ ಹಿತ್ತಲಲ್ಲಿ ನಿಂತೇ ಇತ್ತು. ಮಳೆಗೆ ಸರಪಳಿ ಕೆಂಪಾದವು. ಅಜ್ಜಿ ಹೀರೆಬಳ್ಳಿ ಹಬ್ಬಿಸಲೇ ಎಂದು ಕೇಳಿದರು. ಬೇಡ ಅಂದೆ.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಸರಳು ಬಗ್ಗಿಸಿ ಸಣ್ಣ ರಿಂಗು ಮಾಡಿದೆ. ಅದನ್ನು ರಿಮ್ಮಿನೊಳಗೆ ಬೆಸೆದು, ಆರು ಸರಪಳಿ ಇಳಿಬಿಟ್ಟೆ. ಎಲ್ಲ ಸೇರಿ ಅರ್ಧ ತಾಸಿನ ಕೆಲಸ. ಅಷ್ಟೇ ಇತ್ತು.

ಎಸೆಯುವುದು ನನಗೆ ಬರುವುದಿಲ್ಲ. ಡಿಸ್ಕ್ ಒಮ್ಮೆ ಗೋಡೆಗೆ, ಒಮ್ಮೆ ಬಟ್ಟೆ ಒಣಹಾಕಿದ ಹಗ್ಗಕ್ಕೆ ಹೋಯಿತು. ಎಷ್ಟನೆಯ ಸಲವೋ, ಸರಪಳಿಯ ನಡುವೆ ಹೊಕ್ಕಿದ್ದು ಒಳಗಿನವುಗಳಿಗೆ ಸಿಕ್ಕು, ಒಂದು ಗಳಿಗೆ ತೂಗಿ, ಬುಟ್ಟಿಗೆ ಇಳಿಯಿತು. ಸದ್ದು ಕೇಳಿ ಅಜ್ಜಿ ಆಚೆಯಿಂದ, “ಬಿತ್ತೇನಪಾ?” ಅಂದರು.

“ಬಿತ್ರಿ ಅಮ್ಮಾ. ಅಕಿ ಹೇಳಿದ್ದ ಖರೇ ಇತ್ತು.”

ಆಮೇಲೆ ಈ ಮಾತನ್ನು ವರ್ಕ್‌ಶಾಪಿನಲ್ಲಿ ಹೇಳಿದ್ದೇನೆ, ಅವಳ ತಂಗಿಗೆ ಹೇಳಿದ್ದೇನೆ, ಬುಟ್ಟಿ ನೋಡಲು ಬಂದ ಶಾಲೆಯ ಟೀಚರುಗಳಿಗೂ ಹೇಳಿದ್ದೇನೆ. ಅವಳಿಗೆ ಹೇಳಿಲ್ಲ.